ಒಂದು ದಿನಕ್ಕೆ ಒಂದೇ ಹೊಳೆ
ತಂಗಿಯ ಜೊತೆ ತಿರುಗಿದ ಹದಿನೈದು ವರ್ಷಗಳ ಪಾಠಗಳು

ನಾನು ಮದುವೆಯಾಗಿ ಬಂದದ್ದು ಕುಮಟಾಕ್ಕೆ, ತಂಗಿ ಹೋದದ್ದು ಮುಂಬಯಿಗೆ. ತವರು ಹೊನ್ನಾವರದ ಹತ್ತಿರ. ಅಪ್ಪ–ಅಮ್ಮ ಹೋದ ಮೇಲೆ ಆ ಮನೆಗೆ ಬೀಗ ಬಿದ್ದಿದೆ. ಹಾಗಾಗಿ ತಂಗಿ ಈಗ ‘ತವರಿಗೆ ಹೊರಟೆ’ ಎಂದರೆ ನನ್ನ ಮನೆಗೆ ಹೊರಟಳು ಎಂದೇ ಅರ್ಥ. ವರ್ಷಕ್ಕೊಮ್ಮೆ ಬರುತ್ತಾಳೆ, ನಾಲ್ಕೈದು ದಿನ ಇರುತ್ತಾಳೆ. ಅದರಲ್ಲಿ ಮೂರು ದಿನ ಮದುವೆಮನೆ, ಗೃಹಪ್ರವೇಶ, ಚಿಕ್ಕಮ್ಮನ ಮನೆ, ಬ್ಯಾಂಕಿನ ಕೆಲಸ ಎಂದು ಕರಗುತ್ತವೆ. ಉಳಿಯುವ ಒಂದು ದಿನ ನಮ್ಮಿಬ್ಬರದ್ದು. ಗಂಡಂದಿರಿಲ್ಲ, ಮಕ್ಕಳಿಲ್ಲ, ಅಡುಗೆಯಿಲ್ಲ.

ಆ ಒಂದು ದಿನವನ್ನು ಹಾಳು ಮಾಡುವ ಬಗೆಗಳೆಲ್ಲ ನನಗೆ ಗೊತ್ತು, ಎಲ್ಲವನ್ನೂ ಮಾಡಿ ನೋಡಿದ್ದೇನೆ. ಉಳಿದವರಿಗೆ ಅಷ್ಟು ವರ್ಷ ಹಿಡಿಯದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

1. ಬಂದ ದಿನ ಬೇಡ, ಹೋಗುವ ದಿನವೂ ಬೇಡ

ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಮುಂಬಯಿಯಿಂದ ಮಧ್ಯಾಹ್ನ ಹೊರಟು ನಮ್ಮ ಕಡೆಗೆ ಬರುವಷ್ಟರಲ್ಲಿ ನಸುಕು ಹರಿಯುವ ಹೊತ್ತು. ಮೊದಲ ಸಲ ಅವಳು ಇಳಿದದ್ದೇ ತಡ, ಸ್ನಾನ ಮಾಡಿಸಿ, ಅವಲಕ್ಕಿ ತಿನ್ನಿಸಿ, ಎಂಟು ಗಂಟೆಗೆಲ್ಲ ಕಾರು ಹತ್ತಿಸಿದ್ದೆ. ಯಾಣದ ದಾರಿಯಲ್ಲಿ ಅವಳು ನಿದ್ದೆ ಹೋದಳು. ಭೈರವೇಶ್ವರ ಶಿಖರದ ಬುಡದಲ್ಲಿ ನಿಂತು, 120 ಮೀಟರ್ ಎತ್ತರದ ಆ ಕಪ್ಪುಬಂಡೆಯನ್ನು ನೋಡುತ್ತ ಅವಳು ಹೇಳಿದ ಮಾತು ಒಂದೇ: “ಅಕ್ಕಾ, ಇಲ್ಲಿ ಎಲ್ಲಾದ್ರೂ ಮಲಗ್ಲಿಕ್ಕೆ ಆಗ್ತದಾ?”

ಹೋಗುವ ದಿನದ ತಿರುಗಾಟ ಇನ್ನೂ ಕೆಟ್ಟದ್ದು. ಮನಸ್ಸು ಆಗಲೇ ರೈಲು ಹತ್ತಿರುತ್ತದೆ, ಕೈ ನಿಮಿಷಕ್ಕೊಮ್ಮೆ ಫೋನಿನಲ್ಲಿ ರೈಲು ಎಲ್ಲಿದೆ ಎಂದು ನೋಡುತ್ತಿರುತ್ತದೆ. ನಡುವಿನ ಒಂದು ದಿನವನ್ನು ಮೊದಲೇ ಆರಿಸಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಗುರುತು ಹಾಕಿ. ಆ ದಿನ ಯಾರ ಮನೆಯ ಊಟಕ್ಕೂ ಒಪ್ಪಿಕೊಳ್ಳಬೇಡಿ.

2. ಒಂದು ದಿನಕ್ಕೆ ಒಂದೇ ಹೊಳೆ

ಭಟ್ಕಳದಿಂದ ಹೊನ್ನಾವರಕ್ಕೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಕುಮಟಾಕ್ಕೆ ಇನ್ನೊಂದು 20. ಹೆದ್ದಾರಿ 66 ಮೂರನ್ನೂ ಪೋಣಿಸಿಕೊಂಡು ಹೋಗುತ್ತದೆ. ನಕ್ಷೆ ನೋಡಿದವರಿಗೆ ಎಲ್ಲವೂ ಅಂಗಳದಲ್ಲೇ ಇದ್ದ ಹಾಗೆ ಕಾಣುತ್ತದೆ. ಆ ಮೋಸಕ್ಕೆ ಬಿದ್ದೇ ನಾನು ಎರಡನೆಯ ವರ್ಷ ಮಿರ್ಜಾನ್ ಕೋಟೆ, ಧಾರೇಶ್ವರ, ಅಪ್ಸರಕೊಂಡ, ಇಡಗುಂಜಿ, ಮುರ್ಡೇಶ್ವರ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದ್ದೆ. ಧಾರೇಶ್ವರ ಮುಟ್ಟುವಾಗ ಬಾಗಿಲು ಹಾಕಿತ್ತು. ಅಪ್ಸರಕೊಂಡಕ್ಕೆ ಹೋದದ್ದು ಏಪ್ರಿಲ್‌ನಲ್ಲಿ, ಜಲಪಾತದ ಜಾಗದಲ್ಲಿ ಕಲ್ಲು ಮಾತ್ರ ಒದ್ದೆಯಾಗಿತ್ತು. ಆ ದಿನದ್ದು ನಮಗೆ ಈಗ ನೆನಪಿರುವುದು ಕಾರಿನೊಳಗಿನ ಸೆಕೆ.

ಆಮೇಲೆ ಮಾಡಿಕೊಂಡ ಲೆಕ್ಕ ಇದು: ಒಂದು ವರ್ಷ ಅಘನಾಶಿನಿ, ಒಂದು ವರ್ಷ ಶರಾವತಿ, ಒಂದು ವರ್ಷ ಭಟ್ಕಳ. ಅಘನಾಶಿನಿಯ ದಿನ ಎಂದರೆ ಮಿರ್ಜಾನ್ ಕೋಟೆ, ಅಳಿವೆ, ತದಡಿಯ ದೋಣಿ. ಶರಾವತಿಯ ದಿನ ಎಂದರೆ ಹೊನ್ನಾವರದ ಹಿನ್ನೀರು, ಕಾಂಡ್ಲಾ (ಮ್ಯಾಂಗ್ರೋವ್) ವನ, ಸಂಜೆಗೆ ಕಾಸರಕೋಡಿನ ಕಡಲತೀರ. ಭಟ್ಕಳದ ದಿನ ಮುರ್ಡೇಶ್ವರ ಸೇರಿಸಿ ಹಳೆಪೇಟೆ. ಮೂರು ವರ್ಷಕ್ಕೊಂದು ಸುತ್ತು. ನಾಲ್ಕನೆಯ ವರ್ಷ ಮತ್ತೆ ಮೊದಲ ಹೊಳೆಗೆ ಬಂದಾಗ ಅದು ಹಳೆಯದು ಅನಿಸುವುದಿಲ್ಲ. ನಮ್ಮಿಬ್ಬರಿಗೂ ಅಷ್ಟು ವಯಸ್ಸಾಗಿರುತ್ತದೆ.

3. ಗಡಿಯಾರಕ್ಕಿಂತ ಮೊದಲು ಇಳಿತ ನೋಡಿ

ನಮ್ಮ ಅಳಿವೆಗಳಲ್ಲಿ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇಂದು ಒಂಬತ್ತಕ್ಕೆ ಇಳಿತವಿದ್ದರೆ ನಾಳೆ ಹತ್ತರ ಹತ್ತಿರ. ಹುಣ್ಣಿಮೆ, ಅಮಾವಾಸ್ಯೆಯ ಸುತ್ತಮುತ್ತ ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಇದು ಮೀನುಗಾರರ ಮನೆಯ ಮಕ್ಕಳಿಗೆ ಹುಟ್ಟುತ್ತಲೇ ಗೊತ್ತು. ನಾನು ಕಲಿತದ್ದು ಎರಡು ಸಲ ಅಘನಾಶಿನಿಗೆ ಹೋಗಿ, ತುಂಬಿದ ನೀರು ನೋಡಿ ವಾಪಸು ಬಂದ ಮೇಲೆ.

ಮೂರನೆಯ ಸಲ ಇಳಿತದ ಹೊತ್ತಿಗೆ ಹೋದೆವು. ಹೊಳೆಯ ನಡುವೆ ಮರಳುದಿಬ್ಬಗಳು ಎದ್ದಿದ್ದವು. ಹೆಂಗಸರು ಸೊಂಟದವರೆಗೆ ನೀರಿನಲ್ಲಿ ಬಗ್ಗಿ ಬಳಚು ಚಿಪ್ಪು ಆರಿಸುತ್ತಿದ್ದರು. ತಂಗಿ ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟಳು. ಹತ್ತು ನಿಮಿಷ ತಡಕಾಡಿದರೂ ಒಂದೂ ಸಿಗಲಿಲ್ಲ. ಪಕ್ಕದಲ್ಲಿದ್ದ ಹಿರಿಯ ಹೆಂಗಸು ನಕ್ಕು, “ಕಣ್ಣಲ್ಲಿ ಹುಡುಕಿದ್ರೆ ಸಿಕ್ಕುದಿಲ್ಲ ತಂಗಿ, ಕಾಲಲ್ಲಿ ಹುಡುಕು” ಎಂದರು. ಅಂಗಾಲಿಗೆ ಗಟ್ಟಿ ತಾಗಿದಲ್ಲಿ ಕೈ ಹಾಕಬೇಕು. ಆಮೇಲೆ ಒಂದು ಬೊಗಸೆ ಸಿಕ್ಕಿತು. ಅದನ್ನು ಅವರ ಬುಟ್ಟಿಗೇ ಹಾಕಿ ಬಂದಳು.

ಈ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಜೌಗುತಾಣದ ಮಾನ್ಯತೆ ಸಿಕ್ಕಿತು; 4,801 ಹೆಕ್ಟೇರ್. ಹೊಳೆಗೆ ದೊಡ್ಡ ಅಣೆಕಟ್ಟು ಬೀಳದೆ ಉಳಿದದ್ದರಿಂದ ಸಿಹಿನೀರು, ಉಪ್ಪುನೀರು ಇಲ್ಲಿ ಇನ್ನೂ ತಮ್ಮ ಲೆಕ್ಕದಲ್ಲೇ ಬೆರೆಯುತ್ತವೆ. ಬಳಚು ಬದುಕುವುದು ಆ ಬೆರಕೆಯಿಂದ. ಅಲ್ಲಿನ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವುದೂ ಅದರಿಂದಲೇ. ಉಪ್ಪುನೀರು ನುಗ್ಗಿದರೂ ಸಾಯದ ಭತ್ತ ಅದು.

ಶರಾವತಿಯಲ್ಲಿ ಲೆಕ್ಕ ತಿರುವುಮುರುವು. ಹೊನ್ನಾವರದ ಹಿನ್ನೀರಿನಲ್ಲಿ ದೋಣಿ ಹತ್ತುವುದಾದರೆ ನೀರು ತುಂಬಿರಬೇಕು, ಆಗಲೇ ಕಾಂಡ್ಲಾ ಗಿಡಗಳ ನಡುವಿನ ಕಾಲುವೆಗಳಿಗೆ ದೋಣಿ ಹೋಗುವುದು. ಕಾಂಡ್ಲಾ ವನದ ಮರದ ಹಾದಿಯಲ್ಲಿ ನಡೆಯುವುದಾದರೆ ಇಳಿತವೇ ಚಂದ. ಬೇರುಗಳು, ಕೆಸರು, ಏಡಿಗಳು ಆಗ ಕಾಣುತ್ತವೆ.

4. ಸಮುದ್ರದ ಹತ್ತಿರ ಸಲುಗೆ ಬೇಡ

ಇಲ್ಲೇ ಹುಟ್ಟಿದವರಿಗೆ ಒಂದು ಅಹಂಕಾರ ಇರುತ್ತದೆ: ‘ನಮಗೆ ಗೊತ್ತಿಲ್ಲದ ಸಮುದ್ರವಾ?’ ಮುಂಬಯಿಗೆ ಹೋದ ತಂಗಿಗೆ ಅದು ಇಮ್ಮಡಿ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ಆಮೇಲೆ ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಚರ್ಚೆಯಿಲ್ಲ. ಮಳೆಗಾಲದಲ್ಲಿ ನೀರಿಗೆ ಇಳಿಯುವುದಿಲ್ಲ. ಉಳಿದ ಕಾಲದಲ್ಲಿ ಕಾವಲು ಸಿಬ್ಬಂದಿ ಇರುವಲ್ಲಿ ಮಾತ್ರ, ಮೊಣಕಾಲಿನವರೆಗೆ ಮಾತ್ರ. ಕೆಂಪು ಬಾವುಟ ಕಂಡರೆ ಮರಳಿನಲ್ಲಿ ಕೂತು ಮಾತು.

ಇದಕ್ಕೆ ಕಾಸರಕೋಡು ಒಳ್ಳೆಯ ಜಾಗ. 2020ರಲ್ಲಿ ಪಡುಬಿದ್ರಿಯ ಜೊತೆಗೆ ‘ಬ್ಲೂ ಫ್ಲ್ಯಾಗ್’ ಪಡೆದ ತೀರ ಅದು. ಬಟ್ಟೆ ಬದಲಿಸುವ ಕೋಣೆ, ಶೌಚಾಲಯ, ಕುಳಿತುಕೊಳ್ಳುವ ಜಾಗ ಎಲ್ಲ ಇದೆ. ನಲವತ್ತು ದಾಟಿದ ಇಬ್ಬರು ಹೆಂಗಸರು ಇಡೀ ದಿನ ಹೊರಗೆ ತಿರುಗಬೇಕೆಂದರೆ ಶೌಚಾಲಯ ಎಲ್ಲಿದೆ ಎಂಬುದು ಸೂರ್ಯಾಸ್ತ ಎಷ್ಟಕ್ಕೆ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಇದನ್ನು ಯಾವ ಪ್ರವಾಸಿ ಪುಸ್ತಕವೂ ಮೊದಲ ಪುಟದಲ್ಲಿ ಬರೆಯುವುದಿಲ್ಲ.

5. ಒಂದು ದಾರಿಯಾದರೂ ಬಸ್ಸಿನಲ್ಲಿ ಹೋಗಿ

ಕಾರಿನಲ್ಲಿ ಹೋದರೆ ಒಬ್ಬಳು ದಾರಿ ನೋಡಬೇಕು. ಬಸ್ಸಿನಲ್ಲಿ ಇಬ್ಬರೂ ಕಿಟಕಿ ನೋಡಬಹುದು. ಶರಾವತಿ ಸೇತುವೆಯ ಮೇಲೆ ಬಸ್ಸು ಹೋಗುವಾಗ ಆಚೆ ಕೊಂಕಣ ರೈಲ್ವೆಯ ಸೇತುವೆ ಕಾಣುತ್ತದೆ, ಎರಡು ಕಿಲೋಮೀಟರಿಗಿಂತ ಉದ್ದ. ನಾವು ಶಾಲೆಗೆ ಹೋಗುವಾಗ ಅದು ಇರಲೇ ಇಲ್ಲ. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಅದಕ್ಕಿಂತ ಮೊದಲು ಮುಂಬಯಿ ಎಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಾಡುವ ದೂರ.

ಎರಡು ವರ್ಷದ ಹಿಂದೆ ಹೊನ್ನಾವರ ದಾಟಿ ಹೋಗುವ ಬಸ್ಸು ಹತ್ತಿದೆವು. ನಾನು ಆಧಾರ್ ತೋರಿಸಿದೆ. ‘ಶಕ್ತಿ’ ಯೋಜನೆ 2023ರ ಜೂನ್‌ನಲ್ಲಿ ಶುರುವಾದ ಮೇಲೆ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ, ಶೂನ್ಯ ಟಿಕೆಟ್ ಬಂತು. ತಂಗಿಯೂ ತನ್ನದನ್ನು ತೋರಿಸಿದಳು. ಕಂಡಕ್ಟರ್ ಅದನ್ನು ತಿರುಗಿಸಿ ವಿಳಾಸ ನೋಡಿ, “ಮಹಾರಾಷ್ಟ್ರದ್ದಲ್ವಾ ಅಮ್ಮ, ನಿಮಗೆ ಟಿಕೆಟ್ ಆಗ್ತದೆ” ಎಂದರು. ಅವರ ತಪ್ಪೇನಿಲ್ಲ, ನಿಯಮ ಇರುವುದೇ ಹಾಗೆ. ತಂಗಿ ದುಡ್ಡು ಕೊಟ್ಟು, ಟಿಕೆಟನ್ನು ಎರಡು ಮಡಿಕೆ ಮಾಡಿ ಪರ್ಸಿನೊಳಗೆ ಇಟ್ಟಳು. ಸೇತುವೆ ಮುಗಿಯುವ ತನಕ ಮಾತಾಡಲಿಲ್ಲ. ಆಮೇಲೆ, “ಅಕ್ಕಾ, ನಮ್ಮ ಊರಿನ ಬಸ್ಸಿನಲ್ಲಿ ನಾನು ಹೊರಗಿನವಳು” ಎಂದಳು.

ಅಲ್ಲಿಯವರೆಗೆ ನಾನು ಅವಳನ್ನು ಪ್ರವಾಸಿಯ ಹಾಗೆ ಸುತ್ತಿಸುತ್ತಿದ್ದೆ. ಮುಖ್ಯ ಜಾಗಗಳು, ಒಳ್ಳೆಯ ಹೋಟೆಲು, ಚಂದದ ಫೋಟೊ. ಆದರೆ ಅವಳು ಬರುತ್ತಿದ್ದುದು ನೋಡುವುದಕ್ಕಲ್ಲ. ತನ್ನದಾಗಿದ್ದದ್ದು ಇನ್ನೂ ತನ್ನದೇ ಇದೆಯಾ ಎಂದು ಮುಟ್ಟಿ ನೋಡುವುದಕ್ಕೆ. ಮುಂದಿನ ಪಾಠಗಳೆಲ್ಲ ಆ ಟಿಕೆಟಿನಿಂದ ಬಂದವು.

6. ಅವಳಿಗೆ ಗೊತ್ತಿರುವ ಒಂದು ಜಾಗ, ಗೊತ್ತಿಲ್ಲದ ಒಂದು ಜಾಗ

ಬರೀ ಹಳೆಯ ಜಾಗಗಳಿಗೆ ಹೋದರೆ ದಿನವೆಲ್ಲ ‘ಅದು ಹೋಯ್ತು, ಇದು ಹೋಯ್ತು’ ಎಂಬ ಶೋಕವಾಗುತ್ತದೆ. ಹೆದ್ದಾರಿ ಅಗಲವಾಗುವಾಗ ಎಷ್ಟು ಮರ, ಎಷ್ಟು ಅಂಗಡಿ ಹೋದವೆಂದು ಲೆಕ್ಕ ಹಾಕಿಯೇ ಒಂದು ಮಧ್ಯಾಹ್ನ ಕಳೆದಿದ್ದೇವೆ. ಬರೀ ಹೊಸ ಜಾಗಗಳಾದರೆ ಅವಳು ನಿಜಕ್ಕೂ ನೆಂಟಳಾಗುತ್ತಾಳೆ. ಎರಡೂ ಒಂದೊಂದು ಇರಲಿ.

ಭಟ್ಕಳದ ದಿನ ಗೊತ್ತಿರುವ ಜಾಗ ಮುರ್ಡೇಶ್ವರ. ಗೊತ್ತಿರುವುದು ಎಂದರೂ ಅವಳ ನೆನಪಿನ ಮುರ್ಡೇಶ್ವರದಲ್ಲಿ ಇದ್ದದ್ದು ಕಂದುಕಗಿರಿಯ ಗುಡ್ಡ, ದೇವಸ್ಥಾನ, ಮೂರು ಕಡೆ ನೀರು. ಆರ್. ಎನ್. ಶೆಟ್ಟರು ಕಟ್ಟಿಸಿದ 123 ಅಡಿಯ ಶಿವ, 20 ಅಂತಸ್ತಿನ ರಾಜಗೋಪುರ ಬಂದದ್ದು ಆಮೇಲೆ. ಲಿಫ್ಟಿನಲ್ಲಿ ಮೇಲೆ ಹೋದರೆ ಶಿವನ ಮುಖ ಎದುರಿಗೇ. ಬೆಳಗ್ಗೆ ಬೇಗ ಹೋಗಿ, ಡಿಸೆಂಬರ್–ಜನವರಿಯಲ್ಲಿ ಸಾಲು ಮೈಲುದ್ದ ಅನಿಸುತ್ತದೆ.

ಗೊತ್ತಿಲ್ಲದ ಜಾಗ ಮೂಡಭಟ್ಕಳದ ಕೇತಪೈ ನಾರಾಯಣ ದೇವಸ್ಥಾನ. ಹದಿನಾರನೆಯ ಶತಮಾನದ ಕಲ್ಲಿನ ಕೆಲಸ. ಇಷ್ಟು ಹತ್ತಿರ ಹುಟ್ಟಿ ಬೆಳೆದರೂ ನಾವಿಬ್ಬರೂ ನೋಡಿರಲಿಲ್ಲ. ಅಲ್ಲಿ ಅರ್ಧ ಗಂಟೆ ಒಬ್ಬರೂ ಬರಲಿಲ್ಲ. ಪೇಟೆಯೊಳಗೆ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಇದೆ. ಹಳೆಯ ಓಣಿಗಳಲ್ಲಿ ನಡೆದರೆ ಅಲ್ಲಿನ ಮುಸ್ಲಿಮರ ನವಾಯತಿ ಮಾತು ಕಿವಿಗೆ ಬೀಳುತ್ತದೆ. ಬಸದಿ, ಮಸೀದಿ, ದೇವಸ್ಥಾನ ಎಲ್ಲ ಇಷ್ಟು ಸಣ್ಣ ಊರಿನಲ್ಲಿ ಹೇಗೆ ಬಂದವು ಎಂದು ತಂಗಿ ಕೇಳಿದಳು. ಬಂದರು ಇದ್ದಲ್ಲಿಗೆ ಎಲ್ಲರೂ ಬರುತ್ತಾರೆ.

ಅಘನಾಶಿನಿಯ ದಿನದ ಆಯ್ಕೆ ಅವಳದ್ದೇ ಆಗಿತ್ತು. ಗಜಾನನ ಶರ್ಮರ ‘ಚೆನ್ನಭೈರಾದೇವಿ’ ಕಾದಂಬರಿ ಓದಿಕೊಂಡು ಬಂದು, ಮಿರ್ಜಾನಿಗೆ ಹೋಗಲೇಬೇಕು ಎಂದಳು. 1552ರಿಂದ 1606ರವರೆಗೆ, ಐವತ್ತನಾಲ್ಕು ವರ್ಷ ಆಳಿದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ; ಮಿರ್ಜಾನ್ ಕೋಟೆ ಆಕೆಯದು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದರು. ಕೋಟೆಯ ಜಂಬಿಟ್ಟಿಗೆ ಗೋಡೆಯ ಮೇಲೆ ಕೂತು, “ನಮಗೆ ಶಾಲೆಯಲ್ಲಿ ಇವಳ ವಿಷಯ ಯಾಕೆ ಹೇಳಲಿಲ್ಲ?” ಎಂದು ತಂಗಿ ನನ್ನನ್ನೇ ಗದರಿದಳು. ಮಳೆ ಮುಗಿದ ಹೊಸತರಲ್ಲಿ ಹೋಗಿ. ಕೋಟೆಯ ಒಳಗೆಲ್ಲ ಹುಲ್ಲು ಹಸಿರಾಗಿರುತ್ತದೆ.

7. ಊಟ ಮಧ್ಯಾಹ್ನ ಒಂದರೊಳಗೆ, ದುಡ್ಡು ಅವಳದ್ದು

ಮೀನೂಟದ ಹೋಟೆಲಿನಲ್ಲಿ ತಡವಾದರೆ ಒಳ್ಳೆಯ ಮೀನು ಮುಗಿದಿರುತ್ತದೆ. ಹೋದ ಕೂಡಲೇ ‘ಇವತ್ತು ಎಂತ ಬಂದಿದೆ?’ ಎಂದು ಕೇಳಿ, ಬಂದದ್ದನ್ನೇ ತಿನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಬಂಗಡೆಗೆ ಹಟ ಹಿಡಿದರೆ ಐಸಿನ ಮೀನು ಸಿಗುತ್ತದೆ, ಹೊಳೆಮೀನು ಕೇಳುವುದು ಜಾಣತನ. ಭಟ್ಕಳದಲ್ಲಾದರೆ ಮೀನು ಬಿಟ್ಟು ಬಿರಿಯಾನಿ. ಅಕ್ಕಿಯ ಬದಲು ಶಾವಿಗೆ ಹಾಕಿ ಮಾಡುವ ಬಿರಿಯಾನಿ ಅಲ್ಲಿಯ ನವಾಯತರ ಕೈಯ ರುಚಿ.

ಮೊದಲೆಲ್ಲ ಬಿಲ್ಲಿಗೆ ಕೈ ಹಾಕಲು ಅವಳಿಗೆ ಬಿಡುತ್ತಿರಲಿಲ್ಲ. “ನಮ್ಮ ಊರಿಗೆ ಬಂದು ನೀನು ಕೊಡುವುದಾ?” ಎಂದು ಗದರುತ್ತಿದ್ದೆ. ಬಸ್ಸಿನ ಪ್ರಸಂಗವಾದ ಮೇಲೆ ಆ ಮಾತು ನಿಲ್ಲಿಸಿದ್ದೇನೆ. ನಮ್ಮ ಊರು ಎಂದರೆ ಅವಳದ್ದೂ. ಈಗ ಊಟ ಅವಳ ಲೆಕ್ಕ, ಚಾ–ಕಷಾಯ–ಬನ್ಸ್ ನನ್ನ ಲೆಕ್ಕ.

8. ಜಗಳವನ್ನು ಊಟದ ನಂತರಕ್ಕೆ ಇಡಿ

ಅಕ್ಕ–ತಂಗಿ ಇಡೀ ದಿನ ಒಟ್ಟಿಗಿದ್ದು ಜಗಳವಾಗದಿದ್ದರೆ ಇಬ್ಬರಲ್ಲಿ ಒಬ್ಬಳು ಸುಳ್ಳು ಹೇಳುತ್ತಿದ್ದಾಳೆ ಎಂದೇ ಲೆಕ್ಕ. ನಮ್ಮದು ಆದದ್ದು ತದಡಿಯಿಂದ ಅಘನಾಶಿನಿಗೆ ದಾಟುವ ದೋಣಿಯಲ್ಲಿ. ಅಮ್ಮನ ಅವಲಕ್ಕಿ ಸರದ ವಿಷಯ. ಅಮ್ಮ ಕೊನೆಗಾಲದಲ್ಲಿ ನನ್ನ ಮನೆಯಲ್ಲಿದ್ದಳು, ಸರವೂ ನನ್ನ ಹತ್ತಿರ ಉಳಿಯಿತು. ತಂಗಿ ಅದನ್ನು ಎಂದೂ ಕೇಳಿರಲಿಲ್ಲ. ಹೊಳೆಯ ನಡುವೆ ಕೇಳಿದಳು. ನಾನು ಕೊಡಬಾರದ ಉತ್ತರ ಕೊಟ್ಟೆ. ಸುತ್ತ ಬೈಕುಗಳು, ಮೀನಿನ ಬುಟ್ಟಿಗಳು, ಗುರುತಿನವರು. ಎದ್ದು ಹೋಗಲು ಜಾಗವಿಲ್ಲ.

ಅದರಿಂದ ಎರಡು ಮಾತು ಕಲಿತೆ. ಆಸ್ತಿ, ಚಿನ್ನ, ಬೀಗ ಹಾಕಿದ ಮನೆ, ಇವನ್ನು ಹಸಿದಾಗ ಎತ್ತಬಾರದು. ಹೊಟ್ಟೆ ತುಂಬಿದ ಮೇಲೆ, ನೆರಳಲ್ಲಿ ಕೂತು, ಎತ್ತಲೇಬೇಕು. ಫೋನಿನಲ್ಲಿ ಇಂಥ ಮಾತು ಮುಗಿಯುವುದಿಲ್ಲ. ಸರ ಈಗ ಒಂದು ವರ್ಷ ಅವಳ ಹತ್ತಿರ, ಒಂದು ವರ್ಷ ನನ್ನ ಹತ್ತಿರ ಇರುತ್ತದೆ. ಅದನ್ನು ತರುವುದೂ ಒಯ್ಯುವುದೂ ಅವಳ ಬರವಿಗೆ ಇನ್ನೊಂದು ನೆಪ.

9. ಬಾಡುವುದನ್ನು ಮುಡಿಸಿ, ಬಾಳುವುದನ್ನು ಕಟ್ಟಿಕೊಡಿ

ಭಟ್ಕಳ ಮಲ್ಲಿಗೆಯನ್ನು ಆ ದಿನವೇ ಮುಡಿಸಬೇಕು. ಮುಂಬಯಿಗೆ ಎಂದು ಐಸಿನಲ್ಲಿಟ್ಟು ಕಳಿಸಿ ನೋಡಿದ್ದೇನೆ, ಕಂದು ಬಣ್ಣದ ಒಂದು ಮುದ್ದೆ ತಲುಪಿತ್ತು. ಬಾಳುವುದು ಬೇರೆಯೇ ಇದೆ. ಬೇಸಿಗೆಯಲ್ಲಿ ಬಂದರೆ ಕುಮಟಾದ ಸಿಹಿ ಈರುಳ್ಳಿ. ಹಂದಿಗೋಣ, ಅಳ್ವೆಕೋಡಿಯ ಹೆದ್ದಾರಿ ಬದಿಯಲ್ಲಿ ಹೆಣೆದು ತೂಗುಹಾಕಿರುತ್ತಾರೆ. ಗಾಳಿಯಾಡುವಲ್ಲಿ ಕಟ್ಟಿಟ್ಟರೆ ಮಳೆಗಾಲಕ್ಕೂ ಬರುತ್ತದೆ. ಸಾಣಿಕಟ್ಟಾದ ಉಪ್ಪು, ಕಗ್ಗದ ಅಕ್ಕಿ, ಒಣಗಿಸಿದ ಮುರುಗಲು ಸಿಪ್ಪೆ, ಹಲಸಿನ ಹಪ್ಪಳ. ಒಂದೊಂದೂ ಸ್ವಲ್ಪ ಸ್ವಲ್ಪವೇ ಕೊಡಿ. ವರ್ಷಕ್ಕೆ ಮೊದಲೇ ಮುಗಿಯಬೇಕು.

10. ಸಾಧ್ಯವಾದರೆ ಆಟ ನೋಡಿ ಮನೆಗೆ ಬನ್ನಿ

ಮಳೆ ನಿಂತ ಮೇಲೆ ಬೇಸಿಗೆ ಮುಗಿಯುವ ತನಕ ನಮ್ಮಲ್ಲಿ ಎಲ್ಲಾದರೊಂದು ಕಡೆ ಯಕ್ಷಗಾನ ಇದ್ದೇ ಇರುತ್ತದೆ. ಹೊನ್ನಾವರ ಸೀಮೆಯೇ ಬಡಗುತಿಟ್ಟಿನ ಮನೆ: ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಮೇಳ ಕಟ್ಟಿದ್ದು ಇಲ್ಲಿ, 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಇಲ್ಲಿಯವರು. ಚಿಕ್ಕಂದಿನಲ್ಲಿ ಚಾಪೆ, ಹೊದಿಕೆ ಹಿಡಿದು ಅಮ್ಮನ ಜೊತೆ ಹೋಗುತ್ತಿದ್ದೆವು. ತಂಗಿ ಪ್ರಸಂಗ ಶುರುವಾಗುವ ಮೊದಲೇ ಮಲಗುತ್ತಿದ್ದಳು. ರಾಕ್ಷಸನ ಪ್ರವೇಶಕ್ಕೆ ಎಬ್ಬಿಸುವ ಕೆಲಸ ನನ್ನದು.

ಈಗ ಕಾಲಮಿತಿಯ ಆಟಗಳು ಬಂದಿವೆ. ಮೂರು ತಾಸಿನಲ್ಲಿ ಮುಗಿಯುತ್ತದೆ, ಪ್ಲಾಸ್ಟಿಕ್ ಕುರ್ಚಿ ಇರುತ್ತದೆ. ಹೋದ ವರ್ಷ ಅವಳು ಆ ಕುರ್ಚಿಯಲ್ಲೇ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಚಂಡೆ ಏರಿತು, ರಾಕ್ಷಸ ಬಂದ, ಕುಣಿದ, ಹೋದ. ನಾನು ಎಬ್ಬಿಸಲಿಲ್ಲ. ಎದ್ದ ಮೇಲೆ, “ಯಾಕೆ ಎಬ್ಬಿಸ್ಲಿಲ್ಲ ನೀನು?” ಎಂದು ಮನೆ ಮುಟ್ಟುವ ತನಕ ಬೈದಳು. ಹಾಗಾಗಿ ಈ ಪಾಠಕ್ಕೆ ಒಂದು ತಿದ್ದುಪಡಿ: ರಾಕ್ಷಸನ ಪ್ರವೇಶಕ್ಕೆ ಎಬ್ಬಿಸಿ, ತಂಗಿಗೆ ಎಷ್ಟೇ ವಯಸ್ಸಾಗಿರಲಿ.

ಇಷ್ಟನ್ನೂ ನೆನಪಿಡುವುದು ಕಷ್ಟವಾದರೆ ಮೂರನ್ನು ಇಟ್ಟುಕೊಳ್ಳಿ. ಅವಳ ಟಿಕೆಟ್ ಆದ ಕೂಡಲೇ ಆ ವಾರದ ಇಳಿತದ ಹೊತ್ತು ನೋಡಿ. ಒಂದು ಹೊಳೆ ಆರಿಸಿ. ಅವಳು ದುಡ್ಡು ಕೊಡಲು ಬಂದರೆ ಕೈ ಹಿಡಿಯಬೇಡಿ.